ನಲವತ್ತಮೂರನೆಯ ಸಾಲು

ಹಾಳೆ ಮೊದಲು ಕಡ್ಡಿ ಜೋಡಿಸುವವರ ತಲೆಯ ಮೇಲಿಂದ ಹಾರಿತು. ಆಮೇಲೆ ಹಿಡಿ ಕೂರಿಸುವ ಅಜ್ಜನ ಕನ್ನಡಕ ಸವರಿಕೊಂಡು ಹೋಯಿತು. ಆಮೇಲೆ, ಬಿಚ್ಚಿ ನೆಲದ ಮೇಲಿಟ್ಟಿದ್ದ ಅರವತ್ತು ಕರಿ ಕೊಡೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ, ಕೊಳ್ಳುವ ಮನಸ್ಸಿಲ್ಲದ ಗಿರಾಕಿಯ ಹಾಗೆ ಮುಂದೆ ಸಾಗಿತು.

ಅದರ ಹಿಂದೆ ಹಂಗಾಮಿ ಓಡುತ್ತಿದ್ದ. ಬಿಚ್ಚಿದ ಕೊಡೆಗಳ ನಡುವೆ ಓಡಲು ಕೊಕ್ಕರೆಯ ಕಾಲು ಬೇಕು. ಅವನಿಗಿದ್ದದ್ದು ಬಾತುಕೋಳಿಯದು.

"ಹಿಡೀರಿ, ಯಾರಾದ್ರೂ ಹಿಡೀರಿ. ಅದರಲ್ಲಿ ಸಹಿ ಇದೆ."

"ಎಷ್ಟಿದೆ?" ಅಜ್ಜ ಕನ್ನಡಕ ಸರಿಮಾಡಿಕೊಳ್ಳುತ್ತ ಕೇಳಿದ.

"ಒಂದು."

"ಒಂದಕ್ಕೆ ಇಷ್ಟು ಓಟವಾ? ನಾಲ್ಕು ಸಿಕ್ಕಿದ್ರೆ ನೀನು ಊರೇ ಬಿಡ್ತಿದ್ದೆ ಬಿಡು."

ತಪ್ಪು ಹಂಗಾಮಿಯದೇ. ಕಾರ್ಖಾನೆಯಲ್ಲಿ ನಿಂತು ಭಾಷಣ ಮಾಡಲು ಎತ್ತರದ ಜಾಗವೆಂದರೆ ಒಂದೇ: ಗಾಳಿಗೆ ಕೊಡೆ ಮಗುಚಿಕೊಳ್ಳುತ್ತದೋ ಇಲ್ಲವೋ ಎಂದು ನೋಡುವ ದೊಡ್ಡ ಫ್ಯಾನಿನೆದುರಿನ ಕಟ್ಟೆ. ಅದರ ಮೇಲೆ ಹತ್ತಿ, ಗಂಟಲು ಸರಿಮಾಡಿಕೊಂಡು, "ಸಹೋದ್ಯೋಗಿಗಳೇ" ಎಂದಿದ್ದ. ಪರೀಕ್ಷೆಯವನಿಗೆ ಅದು ಕೇಳಿಸಿರಲಿಲ್ಲ. ಅವನು ಎಂದಿನಂತೆ ಹತ್ತೂವರೆಗೆ ಗುಂಡಿ ಒತ್ತಿದ್ದ.

ಹಾಳೆ ಕೊನೆಗೆ ಹೊಲಿಗೆಯ ಸಾಲಿನಲ್ಲಿ ನೆಲಕ್ಕಿಳಿಯಿತು. ಹೊಲಿಗೆ ಅಕ್ಕ ಪೆಡಲಿನ ಮೇಲಿದ್ದ ಎರಡು ಕಾಲುಗಳಲ್ಲಿ ಒಂದನ್ನು ಎತ್ತಿ ಅದರ ಮೇಲಿಟ್ಟಳು. ಇನ್ನೊಂದರಿಂದ ಹೊಲಿಗೆ ಮುಂದುವರಿಸಿದಳು. ಆ ಅಂಚು ಮುಗಿದ ಮೇಲೆಯೇ ಬಗ್ಗಿ ಹಾಳೆ ಎತ್ತಿಕೊಂಡು, ತನ್ನ ಚಪ್ಪಲಿಯ ಗುರುತನ್ನು ಸೆರಗಿನಿಂದ ಒರೆಸಿ, ಎಲ್ಲರಿಗೂ ಕೇಳುವಂತೆ ಓದತೊಡಗಿದಳು.

"'ಕೆಳಗೆ ಸಹಿ ಮಾಡಿರುವ ನಾವು, ಈ ಕಾರ್ಖಾನೆಯ ಕಾರ್ಮಿಕರು, ಹೊಸ ಮಸೂದೆಯನ್ನು ಬಲವಾಗಿ ವಿರೋಧಿಸುತ್ತೇವೆ. ಅರ್ಧಕ್ಕಿಂತ ಹೆಚ್ಚು ಜನರ ಸಹಿ ಸಂಗ್ರಹಿಸಿದರೆ ಸಾಕು, ಮತದಾನವಿಲ್ಲದೆಯೇ ಯೂನಿಯನ್ ಆಗಿಬಿಡುತ್ತದೆ ಎಂಬುದು ಅಪಾಯಕಾರಿ. ಏಕೆಂದರೆ ಕಾರ್ಮಿಕರು ಯಾರು ಕೇಳಿದರೂ ಓದದೆ, ಮುಲಾಜಿಗೆ ಬಿದ್ದು ಸಹಿ ಹಾಕಿಬಿಡುತ್ತಾರೆ. ಇದು ನಿಜವೆಂದು ಈ ಮೂಲಕ ಸಹಿ ಹಾಕುತ್ತೇವೆ.'"

ಅಕ್ಕ ಕೊನೆಯ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು.

"ತಮ್ಮಾ, ಇದಕ್ಕೆ ಓದಿ ಸಹಿ ಹಾಕ್ಬೇಕಾ, ಓದದೆ ಹಾಕ್ಬೇಕಾ?"

"ಓದಿ ಅಕ್ಕ. ಓದೀನೇ ಹಾಕ್ಬೇಕು."

"ಓದಿ ಹಾಕಿದ್ರೆ ಇದರಲ್ಲಿ ಬರೆದಿರೋದು ಸುಳ್ಳಾಗತ್ತಲ್ಲ."

"ಹಾಗಾದ್ರೆ ಓದದೆ ಹಾಕಿ."

"ಓದದೆ ಹಾಕಿದ್ರೆ ಇದರಲ್ಲಿ ಏನಿದೆ ಅಂತ ನಂಗೆ ಹೇಗೆ ಗೊತ್ತಾಗತ್ತೆ?"

ಹಂಗಾಮಿ ಬಗ್ಗಿ ಹಾಳೆಯ ಕೊನೆಯ ಸಾಲನ್ನು ತಾನೂ ಓದಿದ. ಆಗ ಶುರುವಾದ ತಲೆಸುತ್ತು ಸಂಜೆಯವರೆಗೆ ನಿಲ್ಲಲಿಲ್ಲ.

"ಇದರಲ್ಲಿರೋ ಒಂದು ಸಹಿ ಯಾರದು?" ಅಕ್ಕ ಕೇಳಿದಳು.

"ವಾಚ್‌ಮನ್ನಂದು."

"ಅವನು ಏಜೆನ್ಸಿಯವನು. ನಮ್ಮ ಲೆಕ್ಕಕ್ಕೆ ಬರಲ್ಲ. ಹೋದ ವಾರ ಯಾರದೋ ನೀರಿನ ಬಿಲ್ಲಿಗೂ ಸಹಿ ಹಾಕಿ ಕಳಿಸಿದ್ದಾನೆ." ಅವಳು ಹಾಳೆಯನ್ನು ಮರಳಿಸಿ, ಮಿಷನ್ನಿನ ಕೆಳಗಿನ ಡ್ರಾಯರಿನಿಂದ ನೀಲಿ ರಟ್ಟಿನ ನೋಟುಬುಕ್ಕು ತೆಗೆದಳು. "ಹೊಸ ಕಾನೂನು ಬರತ್ತೋ ಬಿಡತ್ತೋ, ನಮ್ಮ ಯೂನಿಯನ್ ಪುಸ್ತಕದಲ್ಲಿ ನಲವತ್ತೆರಡು ಸಹಿ ಆಗಿದೆ. ನಲವತ್ತಮೂರನೇ ಸಾಲು ನಿಂಗೇ ಅಂತ ಬಿಟ್ಟಿದ್ದೀನಿ. ಒಂದು ಸಹಿ ಹಾಕು. ನೀನೂ ನಮ್ಮೋನೇ ತಾನೆ?"

ಹಂಗಾಮಿ ಸುತ್ತ ನೋಡಿದ. ಎರಡು ವರ್ಷಗಳಿಂದ ಈ ಪುಸ್ತಕ ಅವನೆದುರು ಆಗಾಗ ತೆರೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಅವನಿಗೆ ತಕ್ಷಣ ಎಲ್ಲೋ ಹೋಗಬೇಕಾಗಿರುತ್ತಿತ್ತು.

"ಇವತ್ತು ಬೇಡ ಅಕ್ಕ. ಇವತ್ತಂತೂ ಬೇಡವೇ ಬೇಡ."

"ಸರಿ. ಇದೊಂದನ್ನಾದ್ರೂ ಸಹಿ ಫೈಲಿಗೆ ಸೇರಿಸು." ಅವಳು ಮಡಿಸಿದ ಕಾಗದವೊಂದನ್ನು ಅವನ ಕೈಗಿಟ್ಟಳು. "ಓದಿ ಹಾಕೋಕೆ ಹೇಳು ಮಾಲೀಕರಿಗೆ. ಮರೀಬೇಡ, ಓದಿ."

"ಹೇಳ್ತೀನಿ" ಎಂದ ಹಂಗಾಮಿ, ಆಗಲೇ ಅರ್ಧ ದಾರಿಯಲ್ಲಿದ್ದ. ವಾರಕ್ಕೆ ನಾಲ್ಕು ಸಲ ಅಕ್ಕ ಕಾಗದ ಕೊಡುತ್ತಿದ್ದಳು: ಸೂಜಿ ಸಾಲದು, ಮೂಲೆಯ ಬಲ್ಬು ಉರಿಯುತ್ತಿಲ್ಲ, ಕಡ್ಡಿಯವಳಿಗೆ ಎರಡು ದಿನ ರಜೆ ಬೇಕು. ಬಿಚ್ಚಿ ಫೈಲಿಗೆ ಸೇರಿಸುವಾಗ ಓದಿ ನೋಡಲು ಅವನಿಗೆ ಪುರುಸೊತ್ತೆಲ್ಲಿತ್ತು.

ಅವನ ಹೆಸರು ಹಂಗಾಮಿಯಲ್ಲ. ಒಂಬತ್ತು ವರ್ಷದ ಹಿಂದೆ, ಹಳೆಯ ಗುಮಾಸ್ತ ಕಾಲು ಮುರಿದುಕೊಂಡಾಗ, "ಕಾಲು ಕೂಡುವವರೆಗೆ" ಎಂದು ಅವನನ್ನು ತೆಗೆದುಕೊಂಡಿದ್ದರು. ಕಾಲು ಕೂಡಿತು, ಆ ಗುಮಾಸ್ತ ನಿವೃತ್ತನೂ ಆದ, ಈಗ ದಿನವೂ ಆರೋಗ್ಯವಾಗಿ ಕಾರ್ಖಾನೆಯ ಮುಂದಿನಿಂದಲೇ ವಾಕಿಂಗ್ ಹೋಗುತ್ತಾನೆ. ಇವನು ಮಾತ್ರ ಹಂಗಾಮಿಯಾಗಿಯೇ ಉಳಿದ. ಮೊದಲು ಅದು ಹುದ್ದೆಯಾಗಿತ್ತು, ಈಗ ಹೆಸರಾಗಿದೆ. ಹಾಗೆ ಉಳಿದವರು ಇನ್ನೂ ಹನ್ನೊಂದು ಜನ ಇದ್ದರು. ಆದರೆ ಇವನು ಮೊದಲಿಗನಾದ್ದರಿಂದ ಹೆಸರು ಇವನಿಗೇ ಸಿಕ್ಕಿತ್ತು.

ಇದರಲ್ಲಿ ಒಂದು ಸಣ್ಣ ತೊಡಕು ಇತ್ತು. ಅವನು ಕಾಯಂ ಆಗಿ ಎರಡು ವರ್ಷವಾಯಿತೆಂದು ಹೆಂಡತಿ ತನ್ನ ತವರಿಗೆ ಹೇಳಿಬಿಟ್ಟಿದ್ದಳು. ತವರಿನವರ ಬಾಯಿ ಮುಚ್ಚಿಸಲು ಹೇಳಿದ ಮಾತು. ಬಾಯಿ ಮುಚ್ಚಲಿಲ್ಲ, ಅವಳ ಅಣ್ಣ, "ಭಾವ, ಆ ಕಾಯಂ ಪತ್ರ ಒಂದ್ಸಲ ನೋಡೋಣ" ಎಂದು ಬಂದಾಗಲೆಲ್ಲ ಕೇಳುತ್ತಿದ್ದ. ಪತ್ರ ಒಮ್ಮೆ ಬೀರುವಿನೊಳಗಿತ್ತು, ಒಮ್ಮೆ ಬೀರುವಿನ ಬೀಗದಕೈ ಕಳೆದಿತ್ತು, ಒಮ್ಮೆ ಲ್ಯಾಮಿನೇಶನ್ನಿಗೆ ಹೋಗಿತ್ತು. ಇಂದು ಸಂಜೆ ಆರಕ್ಕೆ ಅಣ್ಣ ಮತ್ತೆ ಬರುವವನಿದ್ದ.

ಹೀಗಿರುವಾಗ ಬೆಳಿಗ್ಗೆ ಒಂಬತ್ತಕ್ಕೆ ಮಾಲೀಕರು ಕರೆಸಿದ್ದರು.

"ಹೊಸ ಕಾನೂನು ತರ್ತಾ ಇದ್ದಾರಂತೆ, ಗೊತ್ತಾ?" ಮಾಲೀಕರು ಕುರ್ಚಿಯಲ್ಲಿ ಹಿಂದಕ್ಕೊರಗಿ ಕೇಳಿದರು. "ಈಗ ಯೂನಿಯನ್ ಬೇಕು ಅಂದ್ರೆ ಗುಟ್ಟಾಗಿ ಮತದಾನ ಆಗ್ಬೇಕು. ಅದಕ್ಕೆ ತಾರೀಖು ನಾನು ಕೊಡ್ಬೇಕು."

"ಹೌದು ಸಾರ್. ಮೂರು ವರ್ಷದಿಂದ ಕೇಳ್ತಾ ಇದ್ದಾರೆ."

"ಬಿಡುವಾದಾಗ ಕೊಡೋಣ ಅಂತಿದ್ದೆ. ಈಗ ನೋಡು, ಮತದಾನವೇ ಬೇಡವಂತೆ. ಸಹಿ ಇದ್ರೆ ಸಾಕಂತೆ. ಸಹಿಗೆ ಏನಯ್ಯಾ ಬೆಲೆ? ಪಕ್ಕದಲ್ಲಿ ಕೂತೋನು ಹಾಕು ಅಂದ್ರೆ ಹಾಕ್ತಾರೆ. ಓದೋರು ಯಾರು?" ಅವರು ಹೇಳಿಕೆಯ ಹಾಳೆಯನ್ನು ಮುಂದಕ್ಕೆ ತಳ್ಳಿದರು. "ನಮ್ಮ ಕೈಗಾರಿಕಾ ಮಾಲೀಕರ ಸಂಘದವರು ಎಲ್ಲಾ ಕಾರ್ಖಾನೆಗೂ ಕಳಿಸಿದ್ದಾರೆ. ನಾಳೆ ಮಸೂದೆಯ ಸಮಿತಿ ಮುಂದೆ ಇಡ್ಬೇಕು. ಕಾರ್ಮಿಕರೇ ಬೇಡ ಅಂತಿದ್ದಾರೆ ಅಂತ ತೋರಿಸ್ಬೇಕು. ಸಂಜೆ ಐದಕ್ಕೆ ಕಾರ್ಯದರ್ಶಿ ಬರ್ತಾರೆ. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಸಹಿ ಮಾಡಿಸು."

"ಆದ್ರೆ ಸಾರ್, ಸಹಿಗೆ ಬೆಲೆ ಇಲ್ಲ ಅಂದ್ರಲ್ಲ."

"ಈ ಸಹಿಗೆ ಇದೆ."

ಹಂಗಾಮಿಗೆ ಅದು ಅರ್ಥವಾಗಲಿಲ್ಲ. ಆದರೆ ಮುಂದಿನ ಮಾತು ಚೆನ್ನಾಗಿ ಅರ್ಥವಾಯಿತು.

"ಮಾಡಿಸಿದ್ರೆ ಸಂಜೆ ಐದೂಕಾಲಿಗೆ ನಿನ್ನ ಕಾಯಂ ಪತ್ರಕ್ಕೆ ಸಹಿ ಹಾಕ್ತೀನಿ. ಟೈಪ್ ಮಾಡಿ ಇಟ್ಕೊ."

"ಅವರು ನನ್ನ ಮಾತು ಕೇಳಲ್ಲ ಸಾರ್. ಹಂಗಾಮಿ ಅಂತಾರೆ."

ಮಾಲೀಕರು ಚಾವಣಿ ನೋಡಿದರು. "ಹಾಗಾದ್ರೆ ಇವತ್ತಿಂದ ಅಸಿಸ್ಟೆಂಟ್ ಮ್ಯಾನೇಜರ್ ಆಗು. ಆರ್ಡರ್ ನೀನೇ ಟೈಪ್ ಮಾಡ್ಕೊ. ಹನ್ನೊಂದರ ಫೈಲಿಗೆ ಹಾಕು. ಮ್ಯಾನೇಜರ್ ಕೇಳಿದ್ರೆ ಇಲ್ಲ ಅನ್ನಲ್ಲ."

ಹನ್ನೊಂದರ ಸಹಿ ಫೈಲು ಹಂಗಾಮಿಯ ಜೀವಮಾನದ ಏಕೈಕ ಸಂಶೋಧನೆ. ಮಾಲೀಕರಿಗೆ ಕಾಗದ ಮಗುಚುವುದೆಂದರೆ ಬೇಸರ. ಆದ್ದರಿಂದ ಅವನು ಎಲ್ಲ ಕಾಗದಗಳನ್ನೂ ಮೆಟ್ಟಿಲ ಹಾಗೆ ಜೋಡಿಸುತ್ತಿದ್ದ. ಒಂದರ ಮೇಲೊಂದು, ಪ್ರತಿಯೊಂದರ ತಳದ ಎರಡು ಬೆರಳಗಲ ಮಾತ್ರ ಕಾಣುವಂತೆ. ಆ ಎರಡು ಬೆರಳಗಲದಲ್ಲಿ "ಮಾಲೀಕರು" ಎಂಬ ಪದ, ಅದರ ಮೇಲೆ ಖಾಲಿ ಜಾಗ. ಮಾಲೀಕರ ಪೆನ್ನು ಕೆಳಗಿನ ಮೆಟ್ಟಿಲಿನಿಂದ ಹತ್ತಲು ಶುರುಮಾಡಿ ಅರ್ಧ ನಿಮಿಷದಲ್ಲಿ ಮೇಲಿನ ಮೆಟ್ಟಿಲು ತಲುಪುತ್ತಿತ್ತು. ಅಷ್ಟೂ ಹೊತ್ತು ಅವರು ಫೋನಿನಲ್ಲಿ ಮಾತಾಡುತ್ತಿರಬಹುದಿತ್ತು.

ಅಂದು ಒಂಬತ್ತು ಮೆಟ್ಟಿಲುಗಳಿದ್ದವು. ಬಟ್ಟೆಯ ಆರ್ಡರು, ಬಣ್ಣದವರಿಗೆ ದೂರು, ವಾಚ್‌ಮನ್ನಿನ ಟಾರ್ಚಿಗೆ ಬ್ಯಾಟರಿ, ಮೂರು ರಜೆ ಅರ್ಜಿ, ಅಕ್ಕನ ಕಾಗದ, ಲಾರಿಯ ರಸೀತಿ, ಎಲ್ಲಕ್ಕಿಂತ ಮೇಲೆ ಅಸಿಸ್ಟೆಂಟ್ ಮ್ಯಾನೇಜರ್ ಆದೇಶ. ಕೊನೆಯದನ್ನು ಅವನು ಮೂರು ಸಲ ಟೈಪ್ ಮಾಡಿದ್ದ. ಎರಡು ಸಲ ಹುದ್ದೆಯ ಹೆಸರೇ ತಪ್ಪಿತ್ತು.

ಹನ್ನೊಂದಕ್ಕೆ ಮಾಲೀಕರು ಫೋನಿನಲ್ಲಿ ಸಂಘದ ಕಾರ್ಯದರ್ಶಿಯೊಂದಿಗೆ ಮಾತಾಡುತ್ತಿದ್ದರು.

"ಅದೇ ನಾನು ಹೇಳ್ತಿರೋದು," ಎನ್ನುತ್ತ ಅವರು ಮೊದಲ ಮೆಟ್ಟಿಲಿಗೆ ಸಹಿ ಹಾಕಿದರು. "ಈ ಜನಕ್ಕೆ ಏನು ಕೊಟ್ಟರೂ ಸಹಿ ಹಾಕ್ತಾರೆ." ಎರಡು, ಮೂರು. "ಕಣ್ಣೆತ್ತಿ ನೋಡಲ್ಲ ರೀ." ನಾಲ್ಕು, ಐದು, ಆರು. "ಒಂದು ಸಹಿಯಿಂದ ಏನೇನು ಆಗ್ಬಹುದು ಅನ್ನೋ ಪರಿಜ್ಞಾನ ಬೇಡವಾ ಮನುಷ್ಯನಿಗೆ?" ಏಳು, ಎಂಟು.

ಹಂಗಾಮಿಗೆ ಏನೋ ಹೇಳಬೇಕಿತ್ತು. ಓದಿ ಎಂದೋ ಏನೋ. ಆದರೆ ಪೆನ್ನು ಒಂಬತ್ತನೆಯ ಮೆಟ್ಟಿಲಿಗೆ, ಅವನದೇ ಆದೇಶಕ್ಕೆ, ಕಾಲಿಟ್ಟಿತ್ತು. ಸಹಿ ಬಿತ್ತು. ಮಾಲೀಕರು ಫೈಲನ್ನು ಹಿಂದಕ್ಕೆ ತಳ್ಳಿ, ಬಾಗಿಲ ಕಡೆ ಕೈ ತೋರಿಸಿದರು.

ಅವನು ಹೊರಗೆ ಬಂದು ಅವರವರ ಕಾಗದಗಳನ್ನು ಅವರವರ ಟ್ರೇಗೆ ಹಂಚಿ, ತನ್ನದನ್ನು ಅಂಗಿಯ ಜೇಬಿಗೆ ಸೇರಿಸಿಕೊಂಡ. ಆಮೇಲೆ ಕೊಡೆಯ ರಟ್ಟಿನ ಪೆಟ್ಟಿಗೆಯಿಂದ ಒಂದು ಚೌಕ ಕತ್ತರಿಸಿ, ಅದರ ಮೇಲೆ ಹೊಸ ಹುದ್ದೆಯನ್ನು ಬರೆದು, ಎದೆಗೆ ಪಿನ್ನು ಚುಚ್ಚಿಕೊಂಡ. ಹಿಂಬದಿಯಲ್ಲಿ "ಮೇಲ್ಮುಖವಾಗಿ ಇಡಿ" ಎಂದು ಅಚ್ಚಾಗಿದ್ದುದು ಅವನಿಗೆ ಗೊತ್ತಿರಲಿಲ್ಲ. ಬಿಲ್ಲೆ ಆಗಾಗ ತಿರುಗಿಕೊಳ್ಳುತ್ತಿತ್ತು.

ಮೊದಲು ಸಿಕ್ಕಿದವನು ಹಿಡಿ ಕೂರಿಸುವ ಅಜ್ಜ.

"ಏನು ಮಗಾ, ಮ್ಯಾನೇಜರಾ?" ಅಜ್ಜ ಬಿಲ್ಲೆಯನ್ನು ಓದಿದ. "ಸಂತೋಷ. ಆ ಹಾಳೆ ಮತ್ತೆ ತಂದ್ಯಾ? ಒಂದು ಅನುಮಾನ ಇದೆ. ಈ ಮಾಲೀಕರ ಸಂಘ ಅಂತಿದೆಯಲ್ಲ, ಅದನ್ನ ಹೇಗೆ ಕಟ್ಟಿದ್ರು? ಮತದಾನ ಮಾಡಿದ್ರಾ?"

ಹಂಗಾಮಿ ಪ್ರಾಮಾಣಿಕ. ಗೊತ್ತಿಲ್ಲದ್ದನ್ನು ಕೇಳಿಕೊಂಡು ಬರುವವನು. ಮೇಲೆ ಓಡಿದ, ಮಾಲೀಕರ ಬಾಗಿಲಲ್ಲಿ ತಲೆಯಿಟ್ಟು ಕೇಳಿದ, ಕೆಳಗೆ ಓಡಿ ಬಂದ.

"ಇಲ್ಲವಂತೆ ಅಜ್ಜ. ಎಲ್ಲರೂ ಒಂದು ಹೋಟೆಲ್ಲಲ್ಲಿ ಊಟಕ್ಕೆ ಸೇರಿ ಸಹಿ ಹಾಕಿದ್ರಂತೆ."

"ಬರೀ ಸಹಿ?"

"ಬರೀ ಸಹಿ."

"ಓದಿದ್ರಂತಾ?"

ಹಂಗಾಮಿ ಮತ್ತೆ ಮೇಲೆ ಹೋದ. ಈ ಸಲ ಮಾಲೀಕರು ಪೇಪರ್‌ವೇಟ್ ಎತ್ತಿದ್ದರಿಂದ ಉತ್ತರವಿಲ್ಲದೆ ಬಂದ.

"ಹಾಗಾದ್ರೆ," ಅಜ್ಜ ಹಿಡಿಗೆ ಅಂಟು ಸವರುತ್ತ ಹೇಳಿದ, "ಅವರ ಸಂಘ ಅವರು ಬೇಡ ಅನ್ನೋ ದಾರೀಲೇ ಆಗಿದೆ. ನಮ್ಮದು ಅವರು ಬೇಕು ಅನ್ನೋ ದಾರೀಲಿ ಆಗ್ತಾನೇ ಇಲ್ಲ. ನೀನು ಯಾವುದನ್ನ ವಿರೋಧಿಸು ಅಂತೀಯಾ, ಅದನ್ನ ಹೇಳು. ಹಾಕೋಣ."

ಹಂಗಾಮಿ ಹಾಳೆ ನೋಡಿದ. ಬೆಳಿಗ್ಗೆ ಅದು ಒಂದು ಅರ್ಥ ಹೇಳುತ್ತಿತ್ತು. ಈಗ ಹಾಳೆ, ಮಗುಚಿಕೊಂಡ ಕೊಡೆಯ ಹಾಗೆ, ಒಳಗಿನದೆಲ್ಲ ಹೊರಗಾಗಿ ಕಾಣುತ್ತಿತ್ತು. ಕಡ್ಡಿಯವರ ಬಳಿ ಹೋಗಿ, "ನೋಡಿ, ಮತದಾನ ಅಂದ್ರೆ ಯಾರ ಮುಲಾಜೂ ಇಲ್ಲ, ಗುಟ್ಟಾಗಿ ಹಾಕ್ಬಹುದು" ಎಂದು ಶುರುಮಾಡಿ, "ಮತದಾನ ಯಾವಾಗ?" ಎಂದು ಅವರು ಕೇಳಿದಾಗ, "ಮಾಲೀಕರಿಗೆ ಬಿಡುವಾದಾಗ" ಎಂದು ಮುಗಿಸಿದ. ಅವರು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ, ಏಕೆಂದು ತಿಳಿಯದೆ.

ಮಧ್ಯಾಹ್ನ ಹೆಂಡತಿಗೆ ಫೋನು ಮಾಡಿದ. ಯಾರಿಗಾದರೂ ಒಂದು ಸಂತೋಷದ ಮಾತು ಹೇಳಬೇಕೆನಿಸಿತ್ತು.

"ನೋಡು, ನಾನು ಅಸಿಸ್ಟೆಂಟ್ ಮ್ಯಾನೇಜರ್ ಆದೆ. ಈಗಲೇ ಯಾರಿಗೂ ಹೇಳ್ಬೇಡ."

"ಮೇಲಿನ ಮನೆಯವರು ಇಲ್ಲೇ ಕೂತಿದ್ದಾರೆ ರೀ."

"ಅವರಿಗೆ ಕೇಳಿಸ್ತಾ?"

"ಸ್ಪೀಕರಿನಲ್ಲಿ ಹಾಕಿದ್ದೆ."

ಮೇಲಿನ ಮನೆಯಾಕೆ ಫೋನನ್ನೇ ತೆಗೆದುಕೊಂಡರು. "ಮ್ಯಾನೇಜರ್ರೇ, ನಮ್ಮ ಅಳಿಯನಿಗೆ ಒಂದು ಕೆಲಸ ನೋಡಿ. ಹಂಗಾಮಿ ಗಿಂಗಾಮಿ ಬೇಡ. ಆ ಗೋಳು ನಿಮ್ಮನ್ನ ನೋಡಿ ಸಾಕಾಗಿದೆ. ಕಾಯಮ್ಮೇ ಆಗ್ಬೇಕು."

"ನಾನು ಎರಡು ವರ್ಷದಿಂದ ಕಾಯಂ ಅಲ್ವಾ," ಎಂದ ಹಂಗಾಮಿ ಕ್ಷೀಣವಾಗಿ.

"ಅದು ಅವಳ ತವರಿನವರಿಗೆ ಹೇಳಿರೋದು. ನಮಗೆಲ್ಲ ಗೊತ್ತು ಬಿಡಿ."

ಹೆಂಡತಿ ಫೋನು ಕಸಿದುಕೊಂಡಳು. "ರೀ, ಅಣ್ಣ ಆರಕ್ಕಲ್ಲ, ಐದೂವರೆಗೇ ಬರ್ತಾನಂತೆ. ಪತ್ರ ತರ್ತೀರಿ ತಾನೆ? ಈ ಸಲ ನಂಗೆ ಹೇಳೋಕೆ ಏನೂ ಉಳಿದಿಲ್ಲ. ಬೀರು ಆಯ್ತು, ಬೀಗದಕೈ ಆಯ್ತು, ಲ್ಯಾಮಿನೇಶನ್ನೂ ಆಯ್ತು."

ಅವಳ ದನಿ ಕೊನೆಗೆ ಸ್ವಲ್ಪ ಸಣ್ಣದಾಯಿತು. ಹಂಗಾಮಿ ಫೋನಿಟ್ಟು, ಕೊಡೆಗಳ ನಡುವೆ ನಿಂತು ಹಾಳೆಯನ್ನು ಮತ್ತೆ ನೋಡಿದ. ಹಾಳೆಯ ಮೇಲೆ ಒಂದೇ ಸಹಿಯಿತ್ತು, ಅದೂ ಲೆಕ್ಕಕ್ಕಿಲ್ಲದ್ದು. ಗಂಟೆ ಎರಡಾಗಿತ್ತು.

ಹೊಲಿಗೆ ಅಕ್ಕ ಅವನನ್ನು ನೋಡಿದಳು. ತನ್ನ ಟ್ರೇಗೆ ಬಂದ ಕಾಗದವನ್ನು ಅವಳು ಊಟದ ಹೊತ್ತಿನಲ್ಲಿ ಎರಡು ಸಲ ಓದಿ, ಸಹಿಯನ್ನು ಬೆಳಕಿಗೆ ಹಿಡಿದು ನೋಡಿ, ನೀಲಿ ನೋಟುಬುಕ್ಕಿನೊಳಗೆ ಇಟ್ಟಿದ್ದಳು. ಈಗ ಮಿಷನ್ನು ನಿಲ್ಲಿಸಿ ಎದ್ದು ಬಂದಳು.

"ಏನಾಯ್ತು ತಮ್ಮ? ಮುಖ ಯಾಕೆ ಹಿಂಡಿ ಹಾಕಿದ ಬಟ್ಟೆ ಥರ ಇದೆ?"

ಅವನು ಎಲ್ಲವನ್ನೂ ಹೇಳಿದ. ಭಾವಮೈದುನ, ಬೀರು, ಐದೂಕಾಲು, ಎಲ್ಲವನ್ನೂ.

"ಪುಸ್ತಕದಲ್ಲಿ ಸಹಿ ಹಾಕು ಅಂದ್ರೆ ಅದನ್ನಂತೂ ಹಾಕಲ್ಲ ನೀನು." ಅವಳು ನೋಟುಬುಕ್ಕನ್ನು ಮತ್ತೆ ತೆರೆದು ಹಿಡಿದಳು. "ಈ ರಟ್ಟಿನ ಬಿಲ್ಲೇನ ನಾನು ಲೆಕ್ಕಕ್ಕೆ ತಗೊಳ್ಳಲ್ಲ. ಇನ್ನೊಂದ್ಸಲ ಕೇಳ್ತೀನಿ. ಆಮೇಲೆ ಕೇಳಲ್ಲ."

"ಐದು ಗಂಟೆ ಆಗ್ಲಿ ಅಕ್ಕ. ನನ್ನ ಪತ್ರ ಕೈಗೆ ಬರ್ಲಿ. ಈಗ ನಾನು ಮ್ಯಾನೇಜರು ಬೇರೆ."

ಅಕ್ಕ ನೋಟುಬುಕ್ಕು ಮುಚ್ಚಿದಳು. ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು, ವಾಚ್‌ಮನ್ನಿನ ಸಹಿಯನ್ನು ಹೊಡೆದುಹಾಕಿ, ಅದರ ಮೇಲಿನ ಜಾಗದಲ್ಲಿ ತಾನೇ ಮೊದಲ ಸಹಿ ಹಾಕಿದಳು. ಆಮೇಲೆ ಇಡೀ ಕಾರ್ಖಾನೆಗೆ ಕೇಳುವಂತೆ ಹೇಳಿದಳು: "ಎಲ್ಲರೂ ಬಂದು ಇವನ ಹಾಳೆಗೊಂದು ಸಹಿ ಹಾಕಿ. ಪಾಪ, ಅವನಿಗೆ ಮನೆಯಲ್ಲಿ ಕಷ್ಟ ಇದೆ."

"ಏನಕ್ಕೆ ಅಂತ ಓದಬೇಕಾ?" ಯಾರೋ ಕೇಳಿದರು.

"ಓದಿ. ಓದಿ ಹಾಕಿ. ನಮಗೆ ಇನ್ನು ಅದರಿಂದ ಏನೂ ಆಗ್ಬೇಕಾಗಿಲ್ಲ."

ಜನ ಸಾಲು ನಿಂತರು. ಓದಿದರು, ನಕ್ಕರು, ಹಾಕಿದರು. ಕೆಲವರು ಸಹಿಯ ಪಕ್ಕದಲ್ಲಿ ಟಿಪ್ಪಣಿಯನ್ನೂ ಬರೆದರು. ಕಡ್ಡಿಯವಳೊಬ್ಬಳು "ಮುಲಾಜಿಗೆ" ಎಂದು ಬರೆದಳು. ಅಜ್ಜ ಬರೆದ: "ವಿರೋಧಿಸುತ್ತೇನೆ. ಯಾವುದನ್ನು ಎಂದು ನಂತರ ತಿಳಿಸುತ್ತೇನೆ."

ಮೂರೂವರೆಗೆ ನಲವತ್ತೆರಡು ಸಹಿಗಳಾದವು. ಬೇಕಾಗಿದ್ದದ್ದು ಇಪ್ಪತ್ತೆರಡು. ಹಂಗಾಮಿಗೆ ಅಳು ಬಂದಂತಾಯಿತು. ಇವರೆಲ್ಲ ಏಕೆ ಒಪ್ಪಿದರು ಎಂಬ ಪ್ರಶ್ನೆ ಅವನ ತಲೆಯಲ್ಲಿ ಎದ್ದು ನಿಲ್ಲಲು ನೋಡಿತು. ಅವನು ಅದನ್ನು ಕೂರಿಸಿದ. ಮೇಜಿಗೆ ಹೋಗಿ ತನ್ನ ಕಾಯಂ ಪತ್ರವನ್ನು ಒಂದೇ ಸಲಕ್ಕೆ, ಒಂದೂ ತಪ್ಪಿಲ್ಲದೆ ಟೈಪ್ ಮಾಡಿದ.

ಐದಕ್ಕೆ ಸರಿಯಾಗಿ ಸಂಘದ ಕಾರ್ಯದರ್ಶಿ ಬಂದರು. ಬಿಸಿಲಿನಲ್ಲೂ ಟೈ ಬಿಚ್ಚದ ಮನುಷ್ಯ. ಹಾಳೆಯನ್ನು ಎಣಿಸಿ, ಮತ್ತೊಮ್ಮೆ ಎಣಿಸಿ, ಹಂಗಾಮಿಯ ಬೆನ್ನು ತಟ್ಟಿದರು.

"ನೂರಕ್ಕೆ ನೂರು. ಬೇರೆ ಕಾರ್ಖಾನೆಗಳಲ್ಲಿ ಹತ್ತು ಸಹಿಗೆ ತಿಣುಕಾಡ್ತಿದ್ದಾರೆ. ಇವರಲ್ಲಿ ಯಾರಾದ್ರೂ ನಾಳೆ ಸಮಿತಿಯ ಮುಂದೆ ಬಂದು ಎರಡು ಮಾತು ಆಡೋ ಹಾಗಿದ್ರೆ ಇನ್ನೂ ಚೆಂದ."

"ಮೊದಲ ಸಹಿ ಯಾರದು?" ಮಾಲೀಕರು ಕೇಳಿದರು. "ಕರೆಸು."

ಹೊಲಿಗೆ ಅಕ್ಕ ನೀಲಿ ನೋಟುಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಬಂದಳು.

"ನೀವು ಈ ಹೊಸ ಕಾನೂನು ಬೇಡ ಅಂತೀರಿ. ಅಲ್ವಾ ತಾಯಿ?" ಕಾರ್ಯದರ್ಶಿ ಮೃದುವಾಗಿ ಕೇಳಿದರು.

"ಹೌದು ಸಾರ್. ನಮಗೆ ಅದು ಬೇಕಾಗೇ ಇಲ್ಲ."

"ನೋಡಿದ್ರಾ?" ಎಂದರು ಮಾಲೀಕರು.

"ಹಳೇ ಕಾನೂನಿನಲ್ಲೇ ಆಗಿಹೋಯ್ತಲ್ಲ," ಅಕ್ಕ ಮುಂದುವರಿಸಿದಳು. "ಮಾಲೀಕರೇ ಬರಹದಲ್ಲಿ ಒಪ್ಪಿದ್ರೆ ಮತದಾನ ಬೇಡ ಅಂತ ಅದರಲ್ಲೇ ಇದೆ. ಇವತ್ತು ಹನ್ನೊಂದು ಗಂಟೆಗೆ ಒಪ್ಪಿದ್ದಾರೆ."

ಅವಳು ನೋಟುಬುಕ್ಕಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಓದಿದರು. ಈ ಕಾರ್ಖಾನೆಯ ನಲವತ್ತೆರಡು ಜನ ಕಾರ್ಮಿಕರ ಯೂನಿಯನ್ನಿಗೆ ಮಾಲೀಕರು ಮಾನ್ಯತೆ ನೀಡಿದ್ದಾರೆ. ಮೂರು ವರ್ಷ ಮೀರಿದ ಹಂಗಾಮಿ ಸದಸ್ಯರೆಲ್ಲರೂ ಇಂದಿನಿಂದ ಕಾಯಂ. ಸದಸ್ಯರಾದ ಯಾರನ್ನೂ ಯೂನಿಯನ್ನಿಗೆ ತಿಳಿಸದೆ ಕೆಲಸದಿಂದ ತೆಗೆಯುವಂತಿಲ್ಲ. ಈ ಸಂಜೆ ಕಾರ್ಖಾನೆ ಮುಚ್ಚುವವರೆಗೆ ಹೊಸ ಸದಸ್ಯರು ಸೇರಬಹುದು. ಆಡಳಿತದವರು ಸೇರುವಂತಿಲ್ಲ. ಕೆಳಗೆ, ಎರಡು ಬೆರಳಗಲದ ಜಾಗದಲ್ಲಿ, ಮಾಲೀಕರ ಸಹಿ.

"ಇದು ನಾನು ಹಾಕಿದ್ದಲ್ಲ," ಎಂದರು ಮಾಲೀಕರು.

"ಸಹಿ ನಿಮ್ಮದೇ," ಎಂದರು ಕಾರ್ಯದರ್ಶಿ.

"ಸಹಿ ನನ್ನದೇ. ಆದ್ರೆ ನಾನು ಓದಿಲ್ಲ."

"ಓದಿ ಹಾಕೋಕೆ ಹೇಳು ಅಂತ ಹೇಳಿಕಳಿಸಿದ್ದೆ ಸಾರ್," ಎಂದಳು ಅಕ್ಕ.

ಮೂವರೂ ಹಂಗಾಮಿಯ ಕಡೆ ತಿರುಗಿದರು. ಅವನ ಎದೆಯ ಬಿಲ್ಲೆ "ಮೇಲ್ಮುಖವಾಗಿ ಇಡಿ" ಎನ್ನುತ್ತಿತ್ತು.

"ಏಳನೇ ಮೆಟ್ಟಿಲು," ಎಂದ ಅವನು, ಯಾರಿಗೂ ಅಲ್ಲದೆ.

"ಇದು ನಡೆಯಲ್ಲ," ಮಾಲೀಕರು ಮೇಜು ಗುದ್ದಿದರು. "ನಾನು ನೋಡದೆ ಸಹಿ ಹಾಕಿದ್ದೀನಿ ಅಂತ ಕೋರ್ಟಿನಲ್ಲಿ ಹೇಳ್ತೀನಿ. ನಾಳೆ ಸಮಿತಿ ಮುಂದೇನೂ ಹೇಳ್ತೀನಿ."

ಕಾರ್ಯದರ್ಶಿ ಕನ್ನಡಕ ತೆಗೆದರು. "ದಯವಿಟ್ಟು ಹೇಳ್ಬೇಡಿ. ಕಾರ್ಮಿಕರು ಓದದೆ ಸಹಿ ಹಾಕ್ತಾರೆ ಅನ್ನೋದು ನಮ್ಮ ವಾದ. ಮಾಲೀಕರು ಹಾಕ್ತಾರೆ ಅನ್ನೋದಲ್ಲ. ನೀವು ಹಾಗೆ ಹೇಳಿದ್ರೆ ನಾಳೆ ಪೇಪರಿನಲ್ಲಿ ಇಡೀ ಸಂಘದ ಮಾನ ಹೋಗತ್ತೆ. ಚೆನ್ನಾಗಿ ಓದಿ, ತಿಳಿದು, ಮನಸಾರೆ ಒಪ್ಪಿ ಹಾಕಿದೆ ಅಂತಲೇ ಹೇಳ್ಬೇಕು. ಬೇರೆ ದಾರಿ ಇಲ್ಲ."

ಅವರು ನಲವತ್ತೆರಡು ಸಹಿಗಳ ಹಾಳೆಯನ್ನು ಎತ್ತಿಕೊಂಡರು, ಅಜ್ಜನ ಟಿಪ್ಪಣಿ ಓದಿದರು, ಹಾಳೆಯನ್ನು ಮೆಲ್ಲಗೆ ಮತ್ತೆ ಮೇಜಿನ ಮೇಲಿಟ್ಟು ಕಾರಿಗೆ ಹೋದರು. ಅಕ್ಕ ತನ್ನ ಕಾಗದ ಮಡಿಸಿಕೊಂಡು ಕೆಳಗಿಳಿದಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ಗೋಡೆಯ ಗಡಿಯಾರ ಐದೂಕಾಲು ತೋರಿಸಿತು. ಹಂಗಾಮಿ, ಬೇರೇನು ಮಾಡಬೇಕೆಂದು ತಿಳಿಯದೆ, ಕಾಯಂ ಪತ್ರವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಪೆನ್ನಿಟ್ಟ.

ಮಾಲೀಕರು ಪತ್ರವನ್ನು ಕೈಗೆತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಒಂಬತ್ತು ವರ್ಷಗಳಲ್ಲಿ ಅವರು ಒಂದು ಕಾಗದವನ್ನು ಪೂರ್ತಿ ಓದಿದ್ದು ಅದೇ ಮೊದಲು. ಓದಿ, ನಾಲ್ಕು ತುಂಡು ಮಾಡಿದರು.

"ಆ ಕಾಗದದ ಪ್ರಕಾರ ಸದಸ್ಯರನ್ನ ತೆಗೆಯೋ ಹಾಗಿಲ್ಲ. ಆದ್ರೆ ಮ್ಯಾನೇಜರನ್ನ ತೆಗೆಯೋಕೆ ಯಾರನ್ನೂ ಕೇಳ್ಬೇಕಾಗಿಲ್ಲ. ನಾಳೆಯಿಂದ ಬರ್ಬೇಡಿ, ಅಸಿಸ್ಟೆಂಟ್ ಮ್ಯಾನೇಜರ್ರೇ."

ಹಂಗಾಮಿ ಮೇಜಿನ ಮೇಲಿದ್ದ ಪೆನ್ನನ್ನೇ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದ. ಕೊಡೆಗಳ ನಡುವೆ ಓಡಿದ, ಎರಡನ್ನು ತುಳಿದ. ಕಾರ್ಖಾನೆ ಮುಚ್ಚಲು ಐದು ನಿಮಿಷವಿತ್ತು. ಗೇಟಿನ ಬಳಿ ಎಲ್ಲರೂ ಗುಂಪಾಗಿ ನಿಂತಿದ್ದರು. ಹನ್ನೊಂದು ಜನ ಹಂಗಾಮಿಗಳು ಒಬ್ಬರನ್ನೊಬ್ಬರು "ಏನು ಕಾಯಂ?" "ಹೇಳು ಕಾಯಂ" ಎಂದು ಕರೆದುಕೊಂಡು ನಗುತ್ತಿದ್ದರು. ವಾಚ್‌ಮನ್ ತಾನೂ ಸಹಿ ಹಾಕುತ್ತೇನೆಂದು ಹಟ ಹಿಡಿದಿದ್ದ. ಅವನನ್ನು ಸಮಾಧಾನ ಮಾಡುತ್ತಿದ್ದರು.

"ಅಕ್ಕ," ಹಂಗಾಮಿ ಏದುಸಿರಿನಲ್ಲಿ ಅಂದ. "ಪುಸ್ತಕ ಕೊಡಿ. ಹಾಕ್ತೀನಿ. ಎಲ್ಲಿ ಹಾಕ್ಲಿ?"

ಹೊಲಿಗೆ ಅಕ್ಕ ನೋಟುಬುಕ್ಕು ತೆರೆದಳು. ನಲವತ್ತಮೂರನೆಯ ಸಾಲು ಖಾಲಿಯಾಗಿಯೇ ಇತ್ತು. ಬದಿಯಲ್ಲಿ ಪೆನ್ಸಿಲಿನಿಂದ ಅಂಕೆ ಹಾಕಿದ್ದಳು. ಅವನು ಪೆನ್ನಿನ ಮುಚ್ಚಳ ತೆಗೆದ. ಅವಳ ಕಣ್ಣು ಅವನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಕಾಗದದ ಮೇಲೆ ನಿಂತಿತು.

"ಅದೇನದು?"

"ಬೆಳಗಿನ ಆರ್ಡರು. ಅದಕ್ಕೇನೂ ಅರ್ಥ ಇಲ್ಲ ಅಕ್ಕ. ಅವರು ಫೋನಿನಲ್ಲಿ ಮಾತಾಡ್ತಾ ಹಾಕಿದ್ದು. ನೋಡಿಯೂ ಇಲ್ಲ."

ಅಕ್ಕ ಆದೇಶವನ್ನು ಬಿಚ್ಚಿದಳು. ಇನ್ನೊಂದು ಕೈಯಲ್ಲಿ ಯೂನಿಯನ್ನಿನ ಕಾಗದ ಹಿಡಿದಳು. ಎರಡರ ತಳದಲ್ಲೂ ಅದೇ ನೀಲಿ ಶಾಯಿ, ಅದೇ ಅವಸರ. ಅಜ್ಜ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ.

"ನೋಡದೆ ಹಾಕಿದ್ದು, ಅದಕ್ಕೆ ಸುಳ್ಳು ಅಂದ್ರೆ," ಅಜ್ಜ ನಿಧಾನವಾಗಿ ಹೇಳಿದ, "ನಮ್ಮ ಈ ಕಾಗದಾನೂ ಸುಳ್ಳಾಗತ್ತೆ ಮಗಾ. ನಮ್ಮದು ನಿಜ ಅನ್ಬೇಕಾದ್ರೆ ನಿನ್ನದೂ ನಿಜ ಅನ್ಲೇಬೇಕು."

ಹನ್ನೊಂದು ಜನ ನಗು ನಿಲ್ಲಿಸಿದರು.

"ಒಂದೇ ಒಂದು ಸಹಿ ಅಕ್ಕ," ಎಂದ ಹಂಗಾಮಿ. ಬೆಳಗಿನಿಂದ ಅವನು ಅದೇ ಮಾತನ್ನು ಎಷ್ಟು ಜನರಿಗೆ ಹೇಳಿದ್ದನೋ. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮನೆಯಿಂದ. ಐದೂವರೆ. "ಒಂಬತ್ತು ವರ್ಷದಿಂದ ನೀವು ನನ್ನನ್ನ ತಮ್ಮ ಅಂತ ಕರೀತಿದ್ದೀರಿ. ನನ್ನ ಸಹಿ ತಗೊಳ್ಳಿ."

ಅಕ್ಕ ಆದೇಶವನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಿಸಿ, ಅವನ ಜೇಬಿಗೆ ಸೇರಿಸಿ, ತಿರುಗಿಕೊಂಡಿದ್ದ ಬಿಲ್ಲೆಯನ್ನು ನೆಟ್ಟಗೆ ಮಾಡಿದಳು. ಆಮೇಲೆ ನೋಟುಬುಕ್ಕು ಮುಚ್ಚಿದಳು.

"ಆಗಲ್ಲ, ಸಾರ್."